ಮೂವರು ಹೆಗ್ಡೆಯರು, ಒಬ್ಬ ಹೆಗ್ಡ್ತಿ

ಆ ಶುಕ್ರವಾರ ಕೊಲ್ಲಿ ನಾಡಿನ ಮದೀನತ್ ಖಲೀಫಾ ಬಡಾವಣೆಯ ಮನೆಯಲ್ಲಿ ಊಟ ಮುಗಿಸಿ ಕೂತಿದ್ದವರು: ಯಜಮಾನ ಹೆಗ್ಡೆ, ಅವನ ಹೆಂಡತಿ, ಹತ್ತು ವರ್ಷದ ಮಗಳು, ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ಅತ್ತೆ, ಅವನದೇ ಆಫೀಸಿನ ಶಿರಸಿ ಕಡೆಯ ಇನ್ನೊಬ್ಬ ಹೆಗಡೆ, ಮತ್ತು ಯಾವ ಹೆಗ್ಡೆಯೂ ಅಲ್ಲದ ನಾನು. ಈ ಹೆಗ್ಡೆಗೂ ಆ ಹೆಗಡೆಗೂ ನೆಂಟಸ್ತಿಕೆಯಿಲ್ಲ, ಜಾತಿಯೂ ಬೇರೆ. ಆದರೂ ಒಬ್ಬ ರಜೆ ಹಾಕಿದರೆ ಅವರ ಅರಬ್ ಮೇನೇಜರ್ ಇನ್ನೊಬ್ಬನನ್ನು "ನಿನ್ನ ತಮ್ಮ ಹೇಗಿದ್ದಾನೆ" ಎಂದು ವಿಚಾರಿಸುತ್ತಿದ್ದ. ಶಿರಸಿಯವನಿಗೆ ತುಳು ಬಾರದ್ದರಿಂದ ಅಂದು ಎಲ್ಲರದೂ ಕನ್ನಡ.

ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ ಮಕ್ಕಳು ತಮ್ಮ ಹಿರಿಯರ ಬಗ್ಗೆ ಮಾತಾಡಬೇಕಿತ್ತು. ಹಿಂದಿನ ವರ್ಷ ಈ ಹುಡುಗಿ ನಡುವೆ ಮಾತು ಮರೆತು, ಸಭೆ ನಕ್ಕಾಗ ಅಳುತ್ತ ವೇದಿಕೆ ಇಳಿದಿದ್ದಳು. ಈ ಸಲವೂ ಹಾಗಾದರೆ ಕನ್ನಡದ ಸಹವಾಸವೇ ಬೇಡ ಎಂದು ಹಟ ಹಿಡಿದಿದ್ದಳು.

ಅಪ್ಪ ಮೂವರು ಹೆಗ್ಡೆಯರನ್ನು ಆರಿಸಿಟ್ಟಿದ್ದ. ಒಬ್ಬ ಅರಸನಿಗೆ ತಲೆಬಾಗದವ, ಒಬ್ಬ ಕಡಲ್ಗಳ್ಳರನ್ನು ಓಡಿಸಿದವ, ಇನ್ನೊಬ್ಬ ಬರಿಗೈಯಲ್ಲಿ ಹುಲಿ ಕೊಂದವ.

"ಆ ಹುಲಿ ನಮ್ಮ ಕಡೆಯದ್ದು ಮಾರಾಯ. ನಮ್ಮ ಹೆಗಡೆ ಹೊಡೆದದ್ದನ್ನ ನೀ ಎತ್ಕೊಂಡು ಬಂದೆ," ಎಂದ ಶಿರಸಿಯವ.

ಅತ್ತೆ ಖರ್ಜೂರದ ಬೀಜ ಬಿಡಿಸುತ್ತ ಕೇಳಿದರು. "ಅಳಿಯಂದಿರೇ, ನಿಮ್ಮ ಚರಿತ್ರೆಯಲ್ಲಿ ಎಲ್ಲರೂ ಕತ್ತಿ ಹಿಡಿದವರೇ. ಗದ್ದೆಗೆ ಇಳಿದವರು ಯಾರೂ ಇಲ್ವಾ?"

"ಹೆಗ್ಡೆ ಅಂದ್ರೆ ಊರಿಗೇ ದೊಡ್ಡವ ಅಲ್ವಾ ಅತ್ತೆ."

"ಇರಲಿ. ಆದ್ರೆ ಅವರೆಲ್ಲ ನಿಮ್ಮ ಅಪ್ಪನ ಪೈಕಿ. ನಮ್ಮ ಅಳಿಯಕಟ್ಟಿನಲ್ಲಿ ಮಗು ತಾಯಿಮನೆಯದ್ದು. ಇವಳನ್ನು ಬಿಡಿ, ಅವರು ನಿಮಗೇ ಹಿರಿಯರಾಗುವುದಿಲ್ಲ."

ಉತ್ತರಕ್ಕೆಂದು ತೆರೆದ ಬಾಯಿಗೆ ಅಳಿಯ ಒಂದು ಖರ್ಜೂರ ಹಾಕಿಕೊಂಡ. ಕೊಲ್ಲಿಗೆ ಬಂದ ಮೇಲೆ ಪಾಸ್‌ಪೋರ್ಟಿನ ಕೊನೆಯ ಹೆಸರನ್ನೇ ಕುಟುಂಬವೆಂದುಕೊಂಡಿದ್ದ, ಪಾಪ.

"ಮತ್ತೆ ನಂಗೆ ಹಿರಿಯರು ಯಾರು, ಅಜ್ಜಿ?" ಎಂದಳು ಹುಡುಗಿ.

"ನನ್ನ ಅಜ್ಜಿಯ ಅಜ್ಜಿ. ಮನೆ ಯಜಮಾನಿಕೆ ಅವರದ್ದೇ, ಊರೆಲ್ಲ ಹೆಗ್ಡ್ತಿ ಅಂತಿದ್ರು. ಅರಸನ ಬಂಡಿಗೆ ನಮ್ಮ ಎತ್ತು ಬೇಕು ಅಂತ ಒಬ್ಬ ಅಧಿಕಾರಿ ಕುದುರೆ ಏರಿ ಬಂದ. ಕೂತ್ಕೊಳ್ಳಿ ಅಂತ ಹಲಸಿನ ಹಣ್ಣು ಇಟ್ರು. ಸಾಕು ಅಂದ್ರೆ ಇನ್ನೊಂದು ಸೊಳೆ. ಕೊನೆಗೆ ಅವನಿಗೆ ಕುದುರೆ ಹತ್ಲಿಕ್ಕೇ ಆಗ್ಲಿಲ್ಲ, ಆಳುಗಳು ಎತ್ತಿ ಕೂರಿಸಿದ್ರು. ಎತ್ತಿನ ಸುದ್ದಿ ಅವ ಮತ್ತೆ ತೆಗೀಲಿಲ್ಲ."

ಹುಡುಗಿ ಬಿದ್ದು ಬಿದ್ದು ನಕ್ಕಳು. "ಖಲಾಸ್. ನಾನು ಇದೇ ಹೇಳೋದು."

"ಕೂಟದವರಿಗೆ ಹೆಗ್ಡೆಯರ ಕತೆ ಅಂತ ಹೆಸರು ಕೊಟ್ಟಾಗಿದೆ," ಎಂದು ಅಪ್ಪ ಗೊಣಗಿದ.

"ಹೆಗ್ಡ್ತಿ ಮತ್ತೆ ಯಾರಂತೆ?" ಎಂದಳು ಹೆಂಡತಿ.

ವಾರ್ಷಿಕೋತ್ಸವದ ದಿನ ಹುಡುಗಿ ಮರೆತದ್ದು ಸೊಳೆ ಎಂಬ ಒಂದೇ ಪದ. ಆಗ ಹೊಟ್ಟೆ ಹಿಡಿದುಕೊಂಡು, ಕುದುರೆ ಹತ್ತಲಾಗದ ಅಧಿಕಾರಿಯಂತೆ ಕಾಲೆತ್ತಿ ಕಾಲಿಳಿಸಿದಳು. ಸಭೆ ನಕ್ಕಿತು. ಅವಳೂ ನಕ್ಕು ಕತೆ ಮುಗಿಸಿದಳು.

ಅಜ್ಜಿ ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಮೊಮ್ಮಗಳಿಂದ ಆ ಕತೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು, "ಸೊಳೆ" ಎಂದು ಒಂದು ಕಡೆ ತಿದ್ದಿ, ಅವರು ಒಳಗೆ ಹೋದರು.