ದಾನಪ್ಪ ತೆಗೆದ ವಚನ

೧೯೭೮ರಲ್ಲಿ ನಾನು ಇಳಕಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಗೆ ಪಾಲಕನಾಗಿದ್ದೆ. ಭಾನುವಾರ ಆರಾಧನೆ, ಗುರುವಾರ ಸಂಜೆ ಬೈಬಲ್ ಅಧ್ಯಯನ. ಅಧ್ಯಯನವೆಂದರೆ ಒಂದು ಅಧ್ಯಾಯವನ್ನು ಪೂರ್ತಿ ಓದಿ, ಯಾರು ಯಾರಿಗೆ ಯಾಕೆ ಹಾಗೆ ಹೇಳಿದರೆಂದು ವಿಚಾರಿಸುವುದು. ನಮ್ಮ ಜನಕ್ಕೆ ಇದು ರುಚಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ‘ವಚನ ತೆಗೆಯುವುದು’. ಕಣ್ಣು ಮುಚ್ಚಿ ಪ್ರಾರ್ಥಿಸಿ, ಬೈಬಲ್ ಬಿಚ್ಚಿ, ಬೆರಳು ಬಿದ್ದ ಸಾಲನ್ನೇ ದೇವರ ಉತ್ತರವೆಂದು ನಂಬುತ್ತಿದ್ದರು. ಮಗಳ ಮದುವೆಗೂ ಅದೇ, ಎಮ್ಮೆ ಕೊಳ್ಳುವುದಕ್ಕೂ ಅದೇ. ನಾನು ಬೈದರೆ ನಗುತ್ತಿದ್ದರು.

ಸಭೆಯ ಹಿರಿಯ ದಾನಪ್ಪ ಸೀರೆ ನೇಯುತ್ತಿದ್ದ. ಹೆಂಡತಿ ಶಾಂತವ್ವನಿಗೆ ಕ್ಷಯ. ಹುನಗುಂದದ ದವಾಖಾನೆಯ ಇಂಜೆಕ್ಷನ್, ಗುಳಿಗೆ ನಡೆದಿತ್ತು. ಕೆಮ್ಮು ಬೇಗ ಇಳಿಯದ್ದಕ್ಕೆ ದಾನಪ್ಪ ವಚನ ತೆಗೆದ. ರಕ್ತಸ್ರಾವದ ಹೆಂಗಸೊಬ್ಬಳು ಅನೇಕ ವೈದ್ಯರ ಕೈಯಲ್ಲಿ ನರಳಿ ಇನ್ನಷ್ಟು ಹದಗೆಟ್ಟಳು ಎಂಬ ಸಾಲಿನ ಮೇಲೆ ಬೆರಳು ಬಿತ್ತು. ಅಂದೇ ಮದ್ದು ಬಂದ್.

ಶಾಂತವ್ವ ಆರಾಧನೆಗೆ ಬಾರದ್ದನ್ನು ಕಂಡು ಮನೆಗೆ ಹೋದಾಗಲೇ ನನಗೆ ವಿಷಯ ತಿಳಿದದ್ದು.

“ದೇವರ ಮಾತಿಗಿಂತ ಡಾಕ್ಟರ್ ಮಾತು ದೊಡ್ಡದೇನ್ರಿ, ಅಯ್ನೋರ?” ಎಂದು ದಾನಪ್ಪ ನನ್ನನ್ನೇ ಕೇಳಿದ.

ನನಗೆ ಸಿಟ್ಟು ನೆತ್ತಿಗೇರಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದ ದಂಡ. ಅದೇ ಅಧ್ಯಾಯವನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ. ತನ್ನ ಸಾಲು ಬಂದದ್ದೇ ದಾನಪ್ಪ ಕೈ ಅಡ್ಡ ಹಿಡಿದ. “ಇಷ್ಟ ಸಾಕ್ರಿ.”

ಮಗ್ಗದ ಆಚೆ ಮಲಗಿದ್ದ ಶಾಂತವ್ವ ಆಗ ಬಾಯಿ ಬಿಟ್ಟಳು. “ಮುಂದ ಓದ್ರಿ.”

ಓದಿದೆ. ಆ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿ ಗುಣವಾದಳು. ಅಷ್ಟರಲ್ಲಿ, ಯೇಸು ಗುಣಪಡಿಸಲು ಹೊರಟಿದ್ದ ಇನ್ನೊಂದು ಮನೆಯ ಹುಡುಗಿ ಸತ್ತ ಸುದ್ದಿ ಬಂತು. ಯೇಸು ಆಕೆಯ ಕೈ ಹಿಡಿದು ಎಬ್ಬಿಸಿದ. ಕೊನೆಗೆ, ಆಕೆಗೆ ಊಟಕ್ಕೆ ಕೊಡಿ ಎಂದ. ಅಧ್ಯಾಯ ಮುಗಿಯುವುದೇ ಅಲ್ಲಿ.

ಶಾಂತವ್ವ ಗಂಡನ ಕಡೆ ತಿರುಗಿದಳು. “ಸತ್ತು ಎದ್ದಾಕಿಗೂ ಊಟ ಬೇಕಾತು. ನನಗ ಗುಳಿಗಿ ಬ್ಯಾಡೇನು?”

ಮರುದಿನದ ಬಸ್ಸಿಗೆ ದಾನಪ್ಪನೂ ನಾನೂ ಆಕೆಯನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಮದ್ದನ್ನು ಅರ್ಧಕ್ಕೆ ಬಿಟ್ಟದ್ದರಿಂದ ರೋಗ ಹಳೆಯ ಔಷಧಕ್ಕೆ ಬಗ್ಗುತ್ತಿಲ್ಲ ಎಂದರು ಡಾಕ್ಟರು. ಬೇರೆ ಔಷಧ ಕೊಟ್ಟರು. ಬದುಕಬೇಕೆಂಬ ಆಸೆ ಆಕೆಗೆ ಬಹಳ ಇತ್ತು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು.

ಮಣ್ಣು ಕೊಡುವಾಗ ನಮ್ಮಲ್ಲಿ ಎರಡು ವಚನ ಓದಿ ಮುಗಿಸುವ ರೂಢಿ, ಆ ಬಿಸಿಲಿನಲ್ಲಿ ಯಾರು ನಿಲ್ಲುತ್ತಾರೆ? ನಾನು ಪುಟ ತೆಗೆಯುತ್ತಿದ್ದಂತೆ ದಾನಪ್ಪ ನನ್ನ ತೋಳು ಹಿಡಿದ.

“ಆಕಿ ಕೇಳಿದ ಅಧ್ಯಾಯನ ಓದ್ರಿ. ಪೂರಾ ಓದ್ರಿ. ನಾ ನಡುವ ತಡಿಯಂಗಿಲ್ಲ.”

ಓದಿದೆ. ಊಟಕ್ಕೆ ಕೊಡಿ ಎಂಬಲ್ಲಿಗೆ ಬಂದಾಗ ಆತ ಮಣ್ಣಿನಲ್ಲೇ ಕುಸಿದು ಕೂತ. ಆಮೇಲೆ ವರ್ಗವಾಗಿ ಹೋದ ಬಾದಾಮಿಯಲ್ಲಿರಲಿ, ಬೇರೆಲ್ಲೇ ಇರಲಿ, ಅಧ್ಯಾಯ ಮುಗಿಯುವ ಮುನ್ನ ನಾನು ಯಾರನ್ನೂ ಏಳಗೊಡಲಿಲ್ಲ. ಹಟಮಾರಿ ಅಯ್ನೋರು ಎಂದು ಹೆಸರಾಯಿತು. ಅರ್ಧಕ್ಕೆ ಬಿಟ್ಟ ಮದ್ದಿನ ಹಾಗೆ ಅರ್ಧಕ್ಕೆ ಬಿಟ್ಟ ಓದೂ ಮನುಷ್ಯರನ್ನು ಕೊಲ್ಲುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.