ಖುಷಿಗೆ ಒಡೆದ ತಟ್ಟೆ

ಮೊಬೈಲಿನಲ್ಲಿ ಗ್ರೀಸ್ ದೇಶದ ಮದುವೆ. ಹಾಡಿನ ನಡುವೆ ತಟ್ಟೆಗಳನ್ನು ನೆಲಕ್ಕೆ ಎಸೆದು ಒಡೆಯುತ್ತಿದ್ದರು. ಆ ಸದ್ದು ಕೇಳಿದ್ದೇ ನಾನು ವಿಡಿಯೊ ನಿಲ್ಲಿಸಿದೆ.

ನಾನು ಚಿಕ್ಕವಳಿದ್ದಾಗ ಅಪ್ಪ ಹಳೇಬೀಡಿನಲ್ಲಿ ಗೈಡ್ ಆಗಿದ್ದರು. ಪ್ರವಾಸಿಗರಿಂದ ಕೇಳಿದ ದೇಶದೇಶದ ಪದ್ಧತಿಗಳನ್ನು ಊಟಕ್ಕೆ ಕೂತಾಗ ನಮಗೆ ಹೇಳುತ್ತಿದ್ದರು. "ಗ್ರೀಸಲ್ಲಿ ಖುಷಿಯಾದ್ರೆ ತಟ್ಟೆ ಒಡೀತಾರಂತೆ" ಎಂದೂ ಒಮ್ಮೆ ಹೇಳಿದ್ದರು.

ಅಪ್ಪನ ತಂಗಿ, ನನ್ನ ಅತ್ತೆಯನ್ನು ನೋಡಲು ಅರಸೀಕೆರೆಯಿಂದ ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಎಂದರು. ಖುಷಿ ತಡೆಯಲಾರದೆ ನಾನು ಪಿಂಗಾಣಿ ತಟ್ಟೆಯೊಂದನ್ನು ಅವರ ಮುಂದೆಯೇ ನೆಲಕ್ಕೆ ಅಪ್ಪಳಿಸಿದೆ.

"ಶಕುನ ಸರಿಯಿಲ್ಲ ಕಣ್ರೀ" ಎಂದು ಹುಡುಗನ ತಾಯಿ ಎದ್ದುಬಿಟ್ಟರು. ಅಪ್ಪ ಗ್ರೀಸಿನ ವಿಷಯ ಹೇಳುತ್ತ ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋದರು. ಮಗಳ ತಪ್ಪು ಮುಚ್ಚಲು ಸುಳ್ಳು ಕಟ್ಟುತ್ತಾನೆ ಎಂದರು ಊರವರು. ಅತ್ತೆಗೆ ಮದುವೆಯಾಗಲೇ ಇಲ್ಲ.

ಪಕ್ಕದಲ್ಲಿ ಕೂತು ವಿಡಿಯೊ ನೋಡುತ್ತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಹಂಗಾದ್ರೆ ನಮ್ಮಣ್ಣ ಸುಳ್ಳು ಹೇಳಿರ್ಲಿಲ್ಲ ಕಣೇ. ಇನ್ನೊಂದ್ಸಲ ಹಾಕು, ನೋಡಾನ."