ಕೂತವರನ್ನು ಎಬ್ಬಿಸಿ ಆಡಿಸಿದ ಮೇಷ್ಟ್ರು

ಪಂದ್ಯದ ದಿನ ಬೆಳಿಗ್ಗೆ ಮೇಷ್ಟ್ರೂ ನಾನೂ ಮಾತಾಡದೆ ಮಾಡುವ ಕೆಲಸ ಒಂದಿದೆ. ನಾನು ಪಂಪು ಒತ್ತುತ್ತೇನೆ. ಅವರು ಚೆಂಡಿಗೆ ಚುಚ್ಚಿದ ಸೂಜಿ ಅಲುಗದಂತೆ ಹಿಡಿದಿರುತ್ತಾರೆ. ಚೆಂಡು ಬಿಗಿಯಾಗುತ್ತ ಬಂದ ಹಾಗೆ ಹೆಬ್ಬೆರಳಿನಿಂದ ಅದುಮಿ ನೋಡಿ, ಸಾಕೆನ್ನಿಸಿದಾಗ ಕೈ ಎತ್ತುತ್ತಾರೆ. ಆಮೇಲೆ ತುಂಬಿದ ಗಾಳಿಯಲ್ಲೇ ಸ್ವಲ್ಪವನ್ನು ಹೊರಕ್ಕೆ ಬಿಡುತ್ತಾರೆ. ಬರಿಗಾಲಿನ ಮಕ್ಕಳು ಒದೆಯುವ ಚೆಂಡು ದೊಡ್ಡವರ ಚೆಂಡಿನಷ್ಟು ಗಟ್ಟಿಯಿರಬಾರದೆಂಬುದು ಅವರ ಎಣಿಕೆ. ಅವರು ಒಂದು ಕಡೆ ಕದಲದೆ ನಿಲ್ಲುವುದನ್ನು ನಾನು ಕಂಡಿರುವುದು ಈ ಕೆಲಸದಲ್ಲಿ ಮಾತ್ರ.

ಈ ಸೆಪ್ಟೆಂಬರಿನಲ್ಲಿ ಹೊಳೆನರಸೀಪುರದ ಶಾಲೆಯಿಂದ ನಿವೃತ್ತರಾಗುತ್ತಿರುವ ದೈಹಿಕ ಶಿಕ್ಷಕರಾದ ಶ್ರೀ ಚಲುವನಾರಾಯಣ ಅವರು ನಮ್ಮ ಕಡೆ ಮಕ್ಕಳ ಫುಟ್‌ಬಾಲಿಗೆ ರೆಫರಿಗಳೂ ಹೌದು, ಆ ಆಟವನ್ನು ಮಕ್ಕಳ ಅಳತೆಗೆ ಇಳಿಸಿಕೊಟ್ಟವರೂ ಹೌದು. ಅವರನ್ನು ಕುರಿತ ಈ ಪುಸ್ತಕಕ್ಕೆ ಹೆಡ್‌ಮಾಸ್ಟರುಗಳೂ ಉಪನ್ಯಾಸಕರೂ ಬರೆಯುತ್ತಿದ್ದಾರೆ. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನಿಂದಲೂ ಬರೆಸಬೇಕೆಂದು ಪುಸ್ತಕದ ಸಂಪಾದಕರಾದ ಪ್ರೇಮಕುಮಾರಿ ಮೇಡಂ ಹಟ ಹಿಡಿದರು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಎದ್ದು ಹೊರಗೆ ಹೋಗಬೇಕೆನ್ನಿಸುತ್ತದೆ. ಹೋದರೆ ಬರೆಯದೆ ಉಳಿದದ್ದು ಒಳಕ್ಕೆ ಎಳೆಯುತ್ತದೆ. ಓದುವವರು ಮನ್ನಿಸಬೇಕು.

ಹಿರಿಯರು ಹೇಳುವಂತೆ, ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ಬಿಟ್ಟರೆ ಮಿಕ್ಕದ್ದೆಲ್ಲ ಕ್ರಿಕೆಟ್ಟೇ ಆಗಿತ್ತು. ಫುಟ್‌ಬಾಲ್ ಆಡಿಸಿದ ಕಡೆಗಳಲ್ಲೂ ಹತ್ತು ವರ್ಷದ ಮಕ್ಕಳನ್ನು ದೊಡ್ಡವರ ಮೈದಾನಕ್ಕೆ ಬಿಟ್ಟು, ದೊಡ್ಡವರ ಗೋಲಿನ ಕೆಳಗೆ ಒಂದು ಚಿಕ್ಕ ಮಗುವನ್ನು ನಿಲ್ಲಿಸಿ, ಚೆಂಡು ಅದರ ತಲೆಯ ಮೇಲೆ ಹಾದುಹೋದಾಗ ಬೈಯುತ್ತಿದ್ದರು. ಮೈಸೂರಿನ ತರಬೇತಿ ಶಿಬಿರವೊಂದಕ್ಕೆ ಹೋಗಿಬಂದ ಮೇಷ್ಟ್ರು, ಅಲ್ಲಿ ಕೇಳಿದ್ದಕ್ಕೆ ತಮ್ಮದೂ ಒಂದಿಷ್ಟನ್ನು ಸೇರಿಸಿ, ೧೯೯೩ರ ದಸರಾ ರಜೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಮಕ್ಕಳಿಗಾಗಿ ನಾಲ್ಕೂರ ಪಂದ್ಯವನ್ನು ಆರಂಭಿಸಿದರು. ಏಳೇಳು ಮಂದಿ, ಚಿಕ್ಕ ಮೈದಾನ, ಚಿಕ್ಕ ಗೋಲು. ಗೆರೆಯಾಚೆ ಹೋದ ಚೆಂಡನ್ನು ಒಳಕ್ಕೆ ಎಸೆಯುವಾಗ ಮಗು ತಪ್ಪಿದರೆ ಇನ್ನೊಂದು ಅವಕಾಶ. ರೆಫರಿ ಸೀಟಿ ಊದಿದರೆ ಏಕೆ ಊದಿದೆನೆಂದು ಆ ಮಗುವಿಗೆ ಹೇಳಲೇಬೇಕು. ಮೂರು ಗೋಲು ಹಿಂದೆ ಬಿದ್ದ ತಂಡ ಪಂದ್ಯ ಮುಗಿಯುವವರೆಗೆ ಎಂಟನೆಯವರನ್ನು ಇಳಿಸಿಕೊಳ್ಳಬಹುದು.

ಈ ಕಡೆಯ ನಿಯಮವೇ ಮೇಷ್ಟ್ರನ್ನು ಹೆಚ್ಚು ಕಾಡಿದ್ದು. ೧೯೯೬ರಲ್ಲಿ ಪಂದ್ಯ ಅರಕಲಗೂಡಿನಲ್ಲಿ ನಡೆಯಿತು. ಆ ಊರ ತಂಡವನ್ನು ನೋಡಿಕೊಳ್ಳುತ್ತಿದ್ದವರು ದಿನಸಿ ಅಂಗಡಿಯ ಬೋರಪ್ಪನವರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವರೇ ವರ್ಷಕ್ಕೊಮ್ಮೆಯಾದರೂ ಹೊಟ್ಟೆ ಹಿಡಿದು ನಗುತ್ತ ಹೇಳುತ್ತಾರೆ. ಹಾಸನದವರ ಮೇಲಿನ ಪಂದ್ಯಕ್ಕೆ ಅವರು ತಮ್ಮ ತಂಡದ ಗಾಳಿಯಂತೆ ಓಡುವ ಹುಡುಗನನ್ನು ಬೇಕೆಂದೇ ಹೊರಗೆ ಕೂರಿಸಿದ್ದರು. ಎರಡು ಗೋಲು ಹಿಂದೆ ಬಿದ್ದಾಗ ಗೋಲು ಕಾಯುವ ಹುಡುಗನಿಗೆ ಕಣ್ಸನ್ನೆ ಮಾಡಿದರು. ಅವನು ಬಗ್ಗಿ ಚಡ್ಡಿಯ ಲಾಡಿ ಕಟ್ಟಿಕೊಳ್ಳತೊಡಗಿದ. ಮೂರನೆಯ ಗೋಲು ಒಳಕ್ಕೆ ಹೋಯಿತು, ಎಂಟನೆಯವನಾಗಿ ಆ ಓಟಗಾರ ಇಳಿದ. ಹಾಸನದ ದಣಿದ ಮಕ್ಕಳ ನಡುವೆ ಅವನೊಬ್ಬನೇ ನಾಲ್ಕು ಗೋಲು ಹೊಡೆದು ಪಂದ್ಯ ಗೆಲ್ಲಿಸಿದ.

ಹಾಸನದ ತಂದೆತಾಯಂದಿರು ಮೇಷ್ಟ್ರನ್ನು ಮುತ್ತಿಕೊಂಡು, ಬೇಕೆಂದೇ ಗೋಲು ಬಿಟ್ಟದ್ದು ಕಾಣಲಿಲ್ಲವೇ ಎಂದು ಕೂಗಾಡಿದರಂತೆ. ಕಂಡಿತೆಂದೂ, ಕಂಡದ್ದಕ್ಕೆಲ್ಲ ಊದಲು ನಿಯಮವಿಲ್ಲವೆಂದೂ ಮೇಷ್ಟ್ರು ಹೇಳಿದರಂತೆ. ಬೋರಪ್ಪನವರು ಮಾತ್ರ ಬೀಡಿ ಹಚ್ಚಿಕೊಂಡು, "ನಾನೇನ್ ಕಳ್ತನ ಮಾಡುದ್ನಾ ಸಾ? ನೀವ್ ಮಾಡಿದ್ ರೂಲ್ಸೇ ಅಲ್ವಾ?" ಅಂದರು. ಎಲ್ಲರೂ ಹೊರಟುಹೋದ ಮೇಲೂ ಮೇಷ್ಟ್ರು ಮೈದಾನದ ಸುತ್ತ ಸುತ್ತುತ್ತಲೇ ಇದ್ದರು. ಕಡೆಯ ಬಸ್ಸು ತಪ್ಪೀತೆಂದು ಬೋರಪ್ಪನವರೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡಬೇಕಾಯಿತು.

ಆ ನಿಯಮವನ್ನೇ ತೆಗೆದುಹಾಕಿ ಎಂದು ಬಹಳ ಮಂದಿ ಸಲಹೆ ಕೊಟ್ಟರು. ಮೇಷ್ಟ್ರು ತೆಗೆಯಲಿಲ್ಲ. ಮರುವರ್ಷ ಅದಕ್ಕೆ ಒಂದೇ ಒಂದು ಮಾತು ಸೇರಿಸಿದರು: ಎಂಟನೆಯವರಾಗಿ ಇಳಿಯಬೇಕಾದವರು ಆ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ಹೊರಗೆ ಕೂತವರು.

ಆ ವರ್ಷ ಪಂದ್ಯ ಚನ್ನರಾಯಪಟ್ಟಣದಲ್ಲಿತ್ತು. ಆ ತಾಲ್ಲೂಕಿನ ತಂಡಕ್ಕೆ ನಮ್ಮ ಬಾಗೂರಿನ ಶಾಲೆಯಿಂದ ಹೋದವರಲ್ಲಿ ನಾನೂ ಒಬ್ಬಳು. ಆರನೇ ತರಗತಿಯಲ್ಲಿದ್ದ ನನ್ನನ್ನು ತಲೆ ಎಣಿಕೆಗೆಂದು ಸೇರಿಸಿದ್ದರು. ಬೆಳಿಗ್ಗೆಯ ಎರಡು ಪಂದ್ಯಗಳುದ್ದಕ್ಕೂ ನಾನು ಎಲ್ಲರ ಚೀಲಗಳ ನಡುವೆ ಕೂತಿದ್ದೆ. ಮೂರನೆಯದರಲ್ಲಿ ಹೊಳೆನರಸೀಪುರದವರು ನಮ್ಮ ಮೇಲೆ ಮೂರು ಗೋಲು ಹೊಡೆದರು. ಮೇಷ್ಟ್ರು ನಮ್ಮ ಕಡೆ ಬಂದು, ಹೆಚ್ಚು ಹೊತ್ತು ಕೂತವರು ಯಾರೆಂದು ಕೇಳಿದರು. ಯಾರೂ ಹೇಳಬೇಕಾಗಿರಲಿಲ್ಲ.

"ಅವ್ಳು ಎಣ್ಣುಡ್ಗಿ ಸಾ, ಸುಮ್ಕೆ ಎಸ್ರಿಗ್ ಕರ್ಕಂಡ್ ಬಂದಿದ್ದು" ಎಂದರು ನಮ್ಮನ್ನು ಕರೆತಂದವರು.

"ಹೆಸರಿದೆಯಲ್ಲ, ಸಾಕು. ಬಾಮ್ಮ" ಎಂದರು ಮೇಷ್ಟ್ರು.

ಒಳಗೆ ಹೋದ ಮೇಲೆ ಬಹಳ ಹೊತ್ತು ಚೆಂಡು ನನ್ನ ಹತ್ತಿರ ಬರಲಿಲ್ಲ. ಬಾರದಿರಲೆಂದೇ ನಾನೂ ಜಾಗ ಬದಲಿಸುತ್ತಿದ್ದೆ. ಕಡೆಗೊಮ್ಮೆ ಗೆರೆಯಾಚೆ ಹೋದ ಚೆಂಡು ನನ್ನ ಕಾಲ ಬಳಿಯೇ ನಿಂತಿತು. ಎತ್ತಿ ಎಸೆದೆ. ಸೀಟಿ ಕೇಳಿಸಿತು. ಮೇಷ್ಟ್ರು ಓಡಿಬಂದು, ಎಸೆಯುವಾಗ ಹಿಂದಿನ ಕಾಲು ಮೇಲೆದ್ದಿತೆಂದೂ, ಎರಡೂ ಪಾದ ನೆಲಕ್ಕೆ ಅಂಟಿರಬೇಕೆಂದೂ ತಾವೇ ನಿಂತು ತೋರಿಸಿ, ಇನ್ನೊಮ್ಮೆ ಎಸೆಯಲು ಹೇಳಿದರು. ನಾನು ಮತ್ತೆ ಎಸೆದೆ. ಕಾಲು ಮತ್ತೆ ಎದ್ದಿತು. ಮೇಷ್ಟ್ರು ಚೆಂಡನ್ನು ಹೊಳೆನರಸೀಪುರದವರಿಗೆ ಕೊಟ್ಟುಬಿಟ್ಟರು.

ಸುತ್ತ ನಿಂತವರೆಲ್ಲ, ಅಯ್ಯೋ ಪಾಪ, ಇನ್ನೊಂದು ಸಲ ಎಸೆಯಲಿ ಬಿಡಿ ಸಾರ್ ಎಂದರು. ಹೊಳೆನರಸೀಪುರದ ಮಕ್ಕಳೂ ಚೆಂಡು ಹಿಡಿದು ನನ್ನ ಮುಖ ನೋಡುತ್ತ ನಿಂತರು. ಮೇಷ್ಟ್ರು ಒಪ್ಪಲಿಲ್ಲ. ಪಂದ್ಯ ಮುಗಿಯುವ ಮುಂಚೆ ಇನ್ನೊಂದು ಎಸೆತ ನನ್ನ ಪಾಲಿಗೆ ಬಂತು. ಈ ಸಲ ಕಾಲು ಏಳಲಿಲ್ಲ. ಚೆಂಡು ನೇರವಾಗಿ ಎದುರಾಳಿಯ ಕಾಲಿಗೆ ಹೋಯಿತು, ನಾವು ಸೋತೆವು. ಆದರೂ ಸೀಟಿ ಊದದೆ ಉಳಿದ ಆ ಗಳಿಗೆ ನನಗೆ ಇನ್ನೂ ನೆನಪಿದೆ.

ಬಸ್ಸಿಗೆ ಕಾಯುತ್ತಿದ್ದಾಗ ಮೇಷ್ಟ್ರು ನಾನಿದ್ದಲ್ಲಿಗೆ ಬಂದರು. ನಾನು ಏನೂ ಕೇಳಿರಲಿಲ್ಲ. "ಮೂರನೇದು ಕೊಡಬಹುದಿತ್ತು ಮಗು. ಕೊಟ್ಟಿದ್ರೆ ಅದು ನೀನು ಆಡಿದ ಹಾಗಲ್ಲ, ನಾನು ಆಡಿಸಿದ ಹಾಗೆ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಚೆಂಡುಗಳ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದರು. ನನ್ನ ಮೇಲೆ ಮರುಕ ತೋರಿದವರು ಅಂದು ಅನೇಕರಿದ್ದರು. ನನ್ನನ್ನು ಆಟಗಾರ್ತಿಯೆಂದು ಎಣಿಸಿದವರು ಅವರೊಬ್ಬರೇ.

ಅವ್ವನಿಗೆ ಬೆನ್ನು ನೋವು ಹಿಡಿದು ಮಲಗುವಂತಾದಾಗ, ೧೯೯೯ರಲ್ಲಿ, ನಾನು ಶಾಲೆ ಬಿಟ್ಟೆ. ಎರಡು ವರ್ಷ ಹಸು, ಒಲೆ, ಡೈರಿಗೆ ಹಾಲು, ಇಷ್ಟೇ. ಒಂದು ದಿನ ಮೇಷ್ಟ್ರು ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಮಕ್ಕಳ ಪಂದ್ಯಕ್ಕೆ ಗೆರೆಯ ಬಳಿ ಬಾವುಟ ಹಿಡಿಯುವವರು ಬೇಕಿತ್ತು. ನಮ್ಮ ಶಾಲೆಯಲ್ಲಿ ವಿಚಾರಿಸಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಮ್ಮಪ್ಪ ರಂಗಸ್ವಾಮಿಯವರು ಕುರ್ಚಿ ಹಾಕಿದರು. ಮೇಷ್ಟ್ರು ಕೂರಲಿಲ್ಲ.

"ಇಸ್ಕೂಲ್ಗೇ ಕಳುಸ್ನಿಲ್ಲ, ಇನ್ ಆಟುಕ್ ಕಳುಸ್ತೀನಾ ಸಾ?" ಎಂದರು ಅಪ್ಪ.

ತಾವೇ ಬಂದು ಕರೆದುಕೊಂಡು ಹೋಗಿ, ಹೊತ್ತು ಮುಳುಗುವ ಮುಂಚೆ ತಾವೇ ತಂದು ಬಿಡುವುದಾಗಿ ಮೇಷ್ಟ್ರು ಹೇಳಿದರು. ಅಪ್ಪ ಯೋಚಿಸುತ್ತಿದ್ದಷ್ಟು ಹೊತ್ತೂ ಅವರು ಕೊಟ್ಟಿಗೆಯಿಂದ ಬಾವಿಯವರೆಗೆ, ಬಾವಿಯಿಂದ ಕೊಟ್ಟಿಗೆಯವರೆಗೆ ನಡೆದರು. ನಮ್ಮ ಕರು ಅವರ ಹಿಂದೆಯೇ ತಿರುಗತೊಡಗಿತು. ನೋಡಿ ನೋಡಿ ಅಪ್ಪನಿಗೇ ತಲೆ ತಿರುಗಿರಬೇಕು. "ಓಗ್ಲಿ ಬುಡಿ ಸಾ, ಕಳುಸ್ತೀನಿ. ಮದ್ಲು ನೀವ್ ಒಸಿ ಕುಂತ್ಕಳಿ" ಅಂದರು. ಅಂದಿನಿಂದ ಪಂದ್ಯ ಯಾವ ಊರಲ್ಲಿದ್ದರೂ ಮೇಷ್ಟ್ರು ಬಾಗೂರಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನನಗೊಬ್ಬಳಿಗೇ ಬಸ್ಸು ಹತ್ತುವ ಧೈರ್ಯ ಬಂದ ಮೇಲೂ, ಅಪ್ಪನಿಗೆ ಕೊಟ್ಟ ಮಾತೆಂದು ಬಹುಕಾಲ ಅದನ್ನು ಬಿಡಲಿಲ್ಲ.

ಬಾವುಟ ಹಿಡಿಯುವುದು ನನಗೆ ಹೊಂದಿತು. ನೋಡುವುದಷ್ಟೇ ಕೆಲಸ, ಮಾತಿಲ್ಲ. ೨೦೦೪ರಲ್ಲಿ ಮೇಷ್ಟ್ರು ನನ್ನ ಕೈಗೆ ಸೀಟಿ ಕೊಟ್ಟರು. ಅಂದು ನಾನು ಊದಿದ್ದು ನನಗೇ ಕೇಳಿಸಲಿಲ್ಲ. "ಅಮ್ಮಣ್ಣಿ, ವಿಸಿಲ್ ಊದ್ತಿದ್ದೀಯೋ, ಒಲೆ ಊದ್ತಿದ್ದೀಯೋ?" ಎಂದು ಬೋರಪ್ಪನವರು ಗೆರೆಯಾಚೆಯಿಂದ ಕೂಗಿದರು, ಮೈದಾನವೆಲ್ಲ ನಕ್ಕಿತು. ಊದುವುದಕ್ಕಿಂತ ಕಷ್ಟವಾದದ್ದು ಅಷ್ಟು ಜನರೆದುರು ಕಾರಣ ಹೇಳುವುದು. ಜನರಿಗೆ ಹೇಳಬೇಕಾಗಿಲ್ಲ, ಆ ಮಗುವಿಗೆ ಕೇಳಿಸಿದರೆ ಸಾಕೆಂದು ಮೇಷ್ಟ್ರು ಬಿಡುವಿನಲ್ಲಿ ಹೇಳಿದ ಮೇಲೆ ನಾನು ಮಗುವಿನ ಹತ್ತಿರ ಹೋಗಿ, ಬಗ್ಗಿ, ಅದರ ಕಿವಿಯ ಬಳಿ ಹೇಳಲು ಕಲಿತೆ. ಈಗಲೂ ಹಾಗೆಯೇ ಹೇಳುತ್ತೇನೆ. ನಾನೇನು ಗುಟ್ಟು ಹೇಳುತ್ತೇನೆಂದು ಕೆಲವು ತಂದೆತಾಯಂದಿರಿಗೆ ಗುಮಾನಿಯಿದೆ.

ಈ ದಸರಾ ರಜೆಯಲ್ಲಿ ಹಾಸನದಲ್ಲಿ ನಡೆಯುವ ನಾಲ್ಕೂರ ಪಂದ್ಯದ ದಿನವೇ ಮೇಷ್ಟ್ರಿಗೆ ಸನ್ಮಾನ. ಪಂದ್ಯ ನಡೆಸುವ ಸಮಿತಿಯ ಅಧ್ಯಕ್ಷರಾದ ಶ್ರೀ ಪಂಚಾಕ್ಷರಯ್ಯನವರು ಮೇಷ್ಟ್ರ ಮೇಲಿನ ಅಭಿಮಾನದಿಂದ ಎಲ್ಲವನ್ನೂ ಅದ್ದೂರಿಯಾಗಿ ಮಾಡಿಸುತ್ತಿದ್ದಾರೆ. ಶಾಮಿಯಾನವಿದೆ, ಪೇಟವಿದೆ, ವೇದಿಕೆಯ ನಡುವೆ ಎತ್ತರದ ಬೆನ್ನಿನ ಕುರ್ಚಿಯಿದೆ. ಪಂದ್ಯಗಳನ್ನು ನಡೆಸುವ ರೆಫರಿಗಳ ಹೆಸರುಗಳೂ ತೀರ್ಮಾನವಾಗಿವೆ. ನನ್ನ ಹೆಸರಿದೆ. ಮೇಷ್ಟ್ರದ್ದಿಲ್ಲ. ಇಷ್ಟು ವರ್ಷ ಓಡಿದವರು ಇನ್ನು ಕೂತು ನೋಡಲಿ ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಹೇಳಿದರು. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಹೋದ ವಾರ ನಾನು ಹೊಳೆನರಸೀಪುರಕ್ಕೆ ಹೋಗಿದ್ದೆ. ಮೇಷ್ಟ್ರು ನಡುಮನೆಯಲ್ಲಿ ಕಿಟಕಿಗೂ ಬಾಗಿಲಿಗೂ ನಡುವೆ ತಿರುಗುತ್ತಿದ್ದರು. ಅವರ ಶ್ರೀಮತಿಯವರಾದ ಅಂಬುಜಮ್ಮನವರು ನನ್ನನ್ನು ಅಡುಗೆಮನೆಗೆ ಕರೆದು, ಸನ್ಮಾನದ ವಿಷಯ ತಿಳಿದಾಗಿನಿಂದ ಅವರ ಊಟ ಅರ್ಧವಾಗಿದೆ ಎಂದರು. ಮಂಡಿ ನೋವೇ ಎಂದು ಕೇಳಿದೆ. "ಮಂಡಿಗೇನಾಗಿದೆ ಕಣೇ, ಕಲ್ಲಿದ್ದ ಹಾಗಿದೆ. ಕೂರೋದಕ್ಕೆ ಬರೋಲ್ಲ ಅವರಿಗೆ. ಆ ಕುರ್ಚಿ ಮೇಲೆ ಇಡೀ ದಿನ ಏನ್ ಮಾಡ್ತಾರೆ, ನೀನೇ ಹೇಳು?" ಎಂದರು. ನಾನು ಹೊರಡುವಾಗ ಮೇಷ್ಟ್ರು ಬೀದಿಯ ತುದಿಯವರೆಗೆ ಬಂದರು. ಮೊದಲ ಪಂದ್ಯ ಎಷ್ಟು ಗಂಟೆಗೆಂದು ಕೇಳಿದರು, ಎಂಟಕ್ಕೆ ಎಂದೆ. ಸ್ವಲ್ಪ ದೂರ ನಡೆದು ಅದನ್ನೇ ಮತ್ತೆ ಕೇಳಿದರು. ತಮಗೊಂದು ಪಂದ್ಯ ಬೇಕೆಂದು ಅವರು ಯಾರನ್ನೂ ಕೇಳುವವರಲ್ಲ.

ಆದ್ದರಿಂದ ಹಾಸನದಲ್ಲಿ ನಡೆದ ಮರುಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ. ಸಭೆಗಳಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು. ಕೇಳಿಸಲಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಯಾರೋ ಶಾಲಿನ ಬಣ್ಣದ ಮಾತು ತೆಗೆದರು, ಕಾಫಿ ಬಂತು.

ಮಾನ್ಯ ಚಲುವನಾರಾಯಣ ಮೇಷ್ಟ್ರು ನೂರ್ಕಾಲ ಆರೋಗ್ಯದಿಂದಿರಲಿ. ಅಂಬುಜಮ್ಮನವರ ಕೈಯೂಟ ಅವರಿಗೆ ಮತ್ತೆ ರುಚಿಸಲಿ. ಹೊರಗೆ ಕೂತ ಮಕ್ಕಳ ಕಡೆಗೆ ಮೊದಲು ಹೊರಳುವ ಅವರ ಕಣ್ಣು ಇನ್ನೂ ಹಲವು ಮೈದಾನಗಳನ್ನು ಕಾಣಲಿ. ಅಚ್ಚಿಗೆ ಹೋಗುವ ಮುಂಚೆ ಈ ಪುಟಗಳನ್ನು ಸಮಿತಿಯವರೆಲ್ಲ ಓದುತ್ತಾರೆಂದು ಪ್ರೇಮಕುಮಾರಿ ಮೇಡಂ ಹೇಳಿದ್ದಾರೆ. ಸಭೆಯಲ್ಲಿ ಕೇಳಿದ್ದನ್ನೇ ಇಲ್ಲಿಯೂ ಬರೆದಿಡುತ್ತೇನೆ. ಎಂಟು ಗಂಟೆಯ ಪಂದ್ಯಕ್ಕೆ ನನ್ನ ಹೆಸರಿದೆ. ಅದನ್ನು ತೆಗೆದು ಮೇಷ್ಟ್ರ ಹೆಸರು ಹಾಕಿ.